ಬೆನ್ನು ಮುಂದಾಗಿ ಸಾಗುವವರ ನದಿ

ಲಂಡನ್‌ನ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ 2015ರಲ್ಲಿ ಅನಾವರಣಗೊಂಡ ಬಸವೇಶ್ವರರ ಪ್ರತಿಮೆ ನೋಡಲು ಹೋಗುವ ಕನ್ನಡಿಗರು ಸಾಮಾನ್ಯವಾಗಿ ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ. ಪಕ್ಕದ ಥೇಮ್ಸ್ ನದಿಯನ್ನು ಅರ್ಧ ದಿನ ನೋಡುವ ವ್ಯವಧಾನ ಇದ್ದವರಿಗೆ ಬೇರೊಂದು ಸೋಜಿಗ ಕಾಣುತ್ತದೆ. ಬೆಳಿಗ್ಗೆ ದಡದ ಗೋಡೆಯ ಬುಡದಲ್ಲಿ ಬರೀ ಕೆಸರು, ಕಲ್ಲು. ಮಧ್ಯಾಹ್ನದ ಹೊತ್ತಿಗೆ ಆ ಕೆಸರಿನ ಸುಳಿವೇ ಇಲ್ಲ. ನೀರು ಸಮುದ್ರದ ಕಡೆಯಿಂದ ಊರೊಳಕ್ಕೆ ನುಗ್ಗುತ್ತಿರುತ್ತದೆ. ದೊಡ್ಡ ಉಬ್ಬರದ ದಿನಗಳಲ್ಲಿ ಲಂಡನ್ ಬ್ರಿಜ್ ಬಳಿ ನೀರಿನ ಮಟ್ಟ ಸುಮಾರು 7 ಮೀಟರ್ ಏರಿಳಿಯುತ್ತದೆ. ನಮ್ಮ ಮಂಗಳೂರಿನಲ್ಲಿ ಈ ಅಂತರ 2 ಮೀಟರನ್ನೂ ಮುಟ್ಟುವುದಿಲ್ಲ.

ದಿನಕ್ಕೆ ನಾಲ್ಕು ಸಲ ದಿಕ್ಕು ಬದಲಿಸುವ ಈ ನದಿಯಲ್ಲೇ ಹುಟ್ಟುದೋಣಿಯವರ ದೊಡ್ಡ ಸಮುದಾಯವೊಂದಿದೆ. ಊರಿನ ಪಶ್ಚಿಮಕ್ಕಿರುವ ಪಟ್ನಿ ಅದರ ಹೃದಯ. ಆಕ್ಸ್‌ಫರ್ಡ್–ಕೇಂಬ್ರಿಜ್ ವಿಶ್ವವಿದ್ಯಾಲಯಗಳ ದೋಣಿ ಪಂದ್ಯ 1845ರಿಂದ ಬಹುಪಾಲು ಇಲ್ಲಿಂದಲೇ ಹೊರಟು ಮಾರ್ಟ್‌ಲೇಕ್‌ವರೆಗೆ 6.8 ಕಿಲೋಮೀಟರ್ ಸಾಗುತ್ತದೆ. ಪಂದ್ಯದ ದಿನ ಟಿವಿಯಲ್ಲಿ ನೋಡುವವರಿಗೆ ನದಿ ಖಾಲಿಯಾಗಿ ಕಾಣುತ್ತದೆ. ಉಳಿದ ದಿನಗಳ ಚಿತ್ರ ಬೇರೆ. ವಾರಾಂತ್ಯದ ಮುಂಜಾನೆ ಶಾಲಾ ಮಕ್ಕಳು, ಕಾಲೇಜಿನವರು, ಅರವತ್ತು ದಾಟಿದವರು, ಅವರ ಹಿಂದೆ ತರಬೇತುದಾರರ ಮೋಟಾರು ದೋಣಿಗಳು, ನಡುವೆ ಹಾಯಿದೋಣಿಗಳು, ಪ್ರವಾಸಿಗರ ಲಾಂಚುಗಳು ಎಲ್ಲವೂ ಒಂದೇ ನೀರಿನಲ್ಲಿ ಇರುತ್ತವೆ. ಇಷ್ಟು ಗದ್ದಲದ ನಡುವೆ ಹುಟ್ಟು ಹಾಕುವವರು ಕೂತಿರುವುದು ಹೋಗುವ ದಿಕ್ಕಿಗೆ ಬೆನ್ನು ಮಾಡಿಕೊಂಡು.

ಎಂಟು ಜನ ಹುಟ್ಟು ಹಾಕುವ ದೋಣಿಗೆ ಕಾಕ್ಸ್ ಇರುತ್ತಾರೆ. ಮುಂದೆ ನೋಡುವುದು, ಚುಕ್ಕಾಣಿ ಹಿಡಿಯುವುದು, ‘ನಿಲ್ಲಿಸಿ’ ಎಂದು ಕೂಗುವುದು ಇವರ ಕೆಲಸ. ಒಬ್ಬರ ಅಥವಾ ಇಬ್ಬರ ದೋಣಿಯಲ್ಲಿ ಆ ಸೌಕರ್ಯವಿಲ್ಲ. ನಾಲ್ಕೈದು ಸಲ ಹುಟ್ಟು ಎಳೆದು, ಕತ್ತು ತಿರುಗಿಸಿ, ಮತ್ತೆ ಎಳೆಯಬೇಕು. ಒಂದೇ ಹೆಗಲ ಮೇಲಿಂದ ನೋಡುವ ಚಾಳಿ ಬಿದ್ದರೆ ಇನ್ನೊಂದು ಬದಿ ಕುರುಡಾಗಿಯೇ ಉಳಿಯುತ್ತದೆ. ಎಂಟರ ದೋಣಿಯ ಉದ್ದ ಸುಮಾರು 18 ಮೀಟರ್, ಅಗಲ ಒಬ್ಬರು ಕೂರುವಷ್ಟು. ಅದರ ಚೂಪು ಮೂತಿಗೆ ಕನಿಷ್ಠ 4 ಸೆಂಟಿಮೀಟರ್ ವ್ಯಾಸದ ಬಿಳಿ ರಬ್ಬರ್ ಚೆಂಡು ಸಿಕ್ಕಿಸಿರುತ್ತಾರೆ. ಅಲಂಕಾರಕ್ಕಲ್ಲ, ಆ ಚೆಂಡಿಲ್ಲದ ದೋಣಿ ಇನ್ನೊಂದು ದೋಣಿಯವರ ಬೆನ್ನಿಗೆ ಬಡಿದರೆ ಈಟಿಯಂತೆ ಇರಿಯುತ್ತದೆ.

ಜಗತ್ತಿನ ಜಲಮಾರ್ಗಗಳ ಸಾಮಾನ್ಯ ನಿಯಮ ಸರಳ: ಕಿರಿದಾದ ಹಾದಿಯಲ್ಲಿ ನಿಮ್ಮ ಬಲಬದಿಯ ದಡಕ್ಕೆ ಹತ್ತಿರವಾಗಿ ಸಾಗಿ. ಪಟ್ನಿಯಿಂದ ಮೇಲಕ್ಕೆ ಹೋದರೆ ಈ ನಿಯಮಕ್ಕೆ ಒಂದು ತಿದ್ದುಪಡಿ ಕಾಣುತ್ತದೆ, ಅದೇ ಈ ನದಿಯ ಜಾಣತನ. ಹರಿವಿನ ಜೊತೆ ಸಾಗುವವರಿಗೆ ನಡುನದಿಯ ರಭಸದ ನೀರು ಬೇಕು. ಹರಿವಿಗೆ ಎದುರು ಹೋಗುವವರು ಅದೇ ನೀರಿಗೆ ಇಳಿದರೆ ಎಷ್ಟು ಎಳೆದರೂ ಇದ್ದಲ್ಲೇ ಇರುತ್ತಾರೆ. ದಡದ ಅಂಚಿನಲ್ಲಿ, ತಿರುವಿನ ಒಳಮಗ್ಗುಲಲ್ಲಿ ನೀರು ಮಂದವಾಗಿರುತ್ತದೆ. ಎದುರು ಹೋಗುವವರು ಅಲ್ಲಿಗೆ ಸರಿಯಬೇಕು. ನದಿ ಹಾವಿನಂತೆ ಹೊರಳುವುದರಿಂದ ಒಳಮಗ್ಗುಲು ಒಮ್ಮೆ ಈ ದಡ, ಒಮ್ಮೆ ಆ ದಡ. ಹಾಗಾಗಿ ಎದುರು ಹೋಗುವ ದೋಣಿ ನಡುವೆ ನದಿ ದಾಟಲೇಬೇಕು. ಆ ದಾಟುವಿಕೆ ಮನಬಂದಲ್ಲಿ ಅಲ್ಲ, ಗೊತ್ತುಮಾಡಿದ ಜಾಗಗಳಲ್ಲಿ ಮಾತ್ರ. ದಾಟುವವರು ಹರಿವಿನ ಜೊತೆ ಬರುತ್ತಿರುವವರಿಗೆ ಮೊದಲು ದಾರಿ ಬಿಡಬೇಕು.

ದಾರಿ ಬಿಡುವ ಹೊಣೆ ಎದುರು ಹೋಗುವವರ ಮೇಲೇಕೆ? ಅವರು ಹುಟ್ಟು ನಿಲ್ಲಿಸಿದರೆ ದೋಣಿ ಬೇಗ ನಿಲ್ಲುತ್ತದೆ, ಜೊತೆ ಹೋಗುವವರಿಗೆ ನಿಲ್ಲುವುದು ಆಗದ ಮಾತು. ಹರಿವು ಗಂಟೆಗೆ 7 ಕಿಲೋಮೀಟರ್ ಇದ್ದರೆ ಹುಟ್ಟೆತ್ತಿ ಸುಮ್ಮನೆ ಕೂತ ದೋಣಿಯೂ ಸೆಕೆಂಡಿಗೆ 2 ಮೀಟರ್‌ನಂತೆ ಜಾರುತ್ತಿರುತ್ತದೆ. ಕಾಕ್ಸ್ ಒಂದು ಮಾತು ಹೇಳಿ ಮುಗಿಸುವಷ್ಟರಲ್ಲಿ ದೋಣಿ ಹಲವು ಮೀಟರ್ ಮುಂದೆ ಹೋಗಿರುತ್ತದೆ. ಸೇತುವೆಯ ಕಂಬಕ್ಕೋ ಲಂಗರು ಹಾಕಿದ ದೋಣಿಗೋ ಅಡ್ಡಲಾಗಿ ಒತ್ತಿಕೊಂಡರೆ ನೀರಿನ ಒತ್ತಡವೇ ಅದನ್ನು ಮಗುಚುತ್ತದೆ. ಅದಕ್ಕೇ ಪಟ್ನಿಯಲ್ಲಿ ಹೊಸಬರಿಗೆ ಮೊದಲು ಕಲಿಸಬೇಕಾದದ್ದು ವೇಗವನ್ನಲ್ಲ, ತಿರುಗುವುದನ್ನು: ಹರಿವು ನಿಮ್ಮನ್ನು ಯಾವ ಅಡ್ಡಿಯ ಮೇಲೆ ತಳ್ಳುತ್ತದೋ ಅದನ್ನು ದಾಟಿ ಹೋದ ಮೇಲೆಯೇ ತಿರುಗಿ. ದಡ ಬಿಡುವಾಗಲೂ ಸೇರುವಾಗಲೂ ಮೂತಿ ಹರಿವಿಗೆ ಎದುರಾಗಿರಲಿ. ಅಲ್ಲಿ ಹಲವರು ಮೊಣಕಾಲುದ್ದದ ರಬ್ಬರ್ ಬೂಟು ಹಾಕಿ ನೀರಿಗಿಳಿದೇ ದೋಣಿ ಹತ್ತಬೇಕು; ದೊಡ್ಡ ಉಬ್ಬರದ ದಿನ ನೀರು ರಸ್ತೆಗೇ ಬಂದು, ನಿಲ್ಲಿಸಿದ ಕಾರುಗಳ ಚಕ್ರ ಮುಳುಗುತ್ತದೆ.

ಸೇತುವೆಗಳಿಗೆ ಅವುಗಳದೇ ಭಾಷೆ. ತಲೆಕೆಳಗಾದ ತ್ರಿಕೋನದಲ್ಲಿ ಮೂರು ಕೆಂಪು ತಟ್ಟೆಗಳಿದ್ದರೆ ಆ ಕಮಾನು ಬಂದ್. ಕಮಾನಿನ ಕೆಳಗೆ ದುರಸ್ತಿ ನಡೆದು ಎತ್ತರ ಕಡಿಮೆಯಾಗಿದ್ದರೆ ಹುಲ್ಲಿನ ಹೊರೆಯೊಂದನ್ನು ನೇತುಹಾಕಬೇಕು. ಈ ಹಳೆಯ ನಿಯಮ ಇಂದಿಗೂ ಜಾರಿಯಲ್ಲಿದೆ. 2023ರಲ್ಲಿ ಮಿಲೇನಿಯಂ ಬ್ರಿಜ್‌ಗೆ ಹೊರೆ ನೇತುಹಾಕಿದ್ದು ಸುದ್ದಿಯಾಗಿತ್ತು. ಶಬ್ದಗಳನ್ನೂ ಕಿವಿಗೆ ಹಾಕಿಕೊಳ್ಳಬೇಕು. ಹಾರ್ನ್ ಒಂದು ಸಲ ಚಿಕ್ಕದಾಗಿ ಕೂಗಿದರೆ ದೊಡ್ಡ ದೋಣಿ ಬಲಕ್ಕೆ ಹೊರಳುತ್ತಿದೆ, ಎರಡಾದರೆ ಎಡಕ್ಕೆ, ಮೂರಾದರೆ ಎಂಜಿನ್ ಹಿಮ್ಮುಖ ಓಡುತ್ತಿದೆ. ಐದು ಕೇಳಿಸಿದರೆ ‘ನೀನು ಏನು ಮಾಡಲು ಹೊರಟಿದ್ದೀಯೋ ನನಗೆ ಗೊತ್ತಾಗುತ್ತಿಲ್ಲ’ ಎಂದರ್ಥ. ಅದು ನಿಮ್ಮನ್ನು ಉದ್ದೇಶಿಸಿಯೇ ಇರಬಹುದೆಂದು ತಿಳಿದು ಕೂಡಲೇ ಸುತ್ತ ನೋಡಬೇಕು.

ಪಟ್ನಿಯಿಂದ ಕೆಳಕ್ಕೆ, ಊರಿನ ನಡುಭಾಗಕ್ಕೆ ಬಂದರೆ ನದಿಯ ಸ್ವಭಾವವೇ ಬೇರೆ. ವೇಗದ ಪ್ರಯಾಣಿಕ ಕ್ಯಾಟಮರಾನ್‌ಗಳು ಬಸ್ಸಿನಂತೆ ಓಡಾಡುತ್ತವೆ. ಲಂಡನ್ನಿನ ಕಸ ತುಂಬಿದ ಹಳದಿ ಕಂಟೇನರ್‌ಗಳ ಬಾರ್ಜುಗಳನ್ನು ಟಗ್‌ಗಳು ಎಳೆದೊಯ್ಯುತ್ತವೆ. ಕಲ್ಲಿನ ಗೋಡೆಗಳಿಗೆ ಬಡಿದ ಅಲೆ ಅಲ್ಲೇ ಸಾಯದೆ ಮರಳಿ ಬರುತ್ತದೆ. ಎಂಜಿನ್ ಇಲ್ಲದ ದೋಣಿಗೆ ಎಲ್ಲರೂ ದಾರಿ ಬಿಡಬೇಕೆಂಬ ನಂಬಿಕೆಯನ್ನು ಇಲ್ಲಿ ಕಿತ್ತೆಸೆಯಬೇಕು. ಬಾರ್ಜುಗಳನ್ನು ಕಟ್ಟಿಕೊಂಡು ಹರಿವಿನ ಜೊತೆ ಬರುವ ಟಗ್ ನಿಮ್ಮನ್ನು ಕಂಡರೂ ನಿಲ್ಲಲಾರದು. ಸರಿಯಬೇಕಾದವರು ನೀವೇ. 1989ರ ಆಗಸ್ಟ್ 20ರ ನಸುಕಿನಲ್ಲಿ ಮಾರ್ಷನೆಸ್ ಎಂಬ ವಿಹಾರ ದೋಣಿಗೆ ಬೋಬೆಲ್ ಎಂಬ ಡ್ರೆಜರ್ ಡಿಕ್ಕಿ ಹೊಡೆದು 51 ಜನ ಸತ್ತದ್ದು ಇದೇ ನಡುಭಾಗದಲ್ಲಿ. ಎಂಜಿನ್, ದೀಪ, ಸಿಬ್ಬಂದಿ ಎಲ್ಲ ಇದ್ದ ದೋಣಿಗೇ ಹಾಗಾದರೆ, ನೀರಿನಿಂದ ಗೇಣೆತ್ತರದಲ್ಲಿ ಕೂತವರ ಪಾಡೇನು? ಮಬ್ಬಾದರೆ ಮುಂದೊಂದು ಹಿಂದೊಂದು ಬಿಳಿ ದೀಪ ಇರಲೇಬೇಕು ಎಂಬ ನಿಯಮದ ಬಗ್ಗೆ ಯಾರಾದರೂ ಗೊಣಗಿದರೆ ನನಗೆ ಸಹಿಸಲಾಗುವುದಿಲ್ಲ.

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ದೊಡ್ಡ ನಿಯಮ ದೋಣಿ ಇಳಿಸುವ ಮೊದಲಿನದು: ಇವತ್ತು ಹೋಗಬೇಕೇ? ಮೇಲ್ಭಾಗದಲ್ಲಿ ಮಳೆಯಾದಾಗ ನದಿಯ ಸ್ವಂತ ನೀರೂ ಇಳಿತದ ಜೊತೆ ಸೇರಿ ರಭಸ ಏರುತ್ತದೆ. ಪೋರ್ಟ್ ಆಫ್ ಲಂಡನ್ ಅಥಾರಿಟಿ ಇದನ್ನು ಬಾವುಟದ ಬಣ್ಣಗಳಲ್ಲಿ ತಿಳಿಸುತ್ತದೆ. ಕೆಂಪಾದರೆ ಅನುಭವ ಸಾಲದವರು ದಡದಲ್ಲೇ ಉಳಿಯಬೇಕು. ಗಾಳಿ ಹರಿವಿಗೆ ಎದುರಾಗಿ ಬೀಸಿದರೆ ಅಲೆ ಏಳುತ್ತದೆ. ಅಳಿವೆಬಾಯಿ ದಾಟುವ ನಮ್ಮ ಕರಾವಳಿಯ ಮೀನುಗಾರರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆಕ್ಸ್‌ಫರ್ಡ್–ಕೇಂಬ್ರಿಜ್ ಪಂದ್ಯದಲ್ಲಿ 1912ರಲ್ಲಿ ಎರಡೂ ದೋಣಿಗಳು, 1978ರಲ್ಲಿ ಕೇಂಬ್ರಿಜ್ ದೋಣಿ ಒರಟು ನೀರು ತುಂಬಿ ಮುಳುಗಿದವು. ದೇಶದ ಅತ್ಯುತ್ತಮ ಹುಡುಗರೇ ಅವುಗಳಲ್ಲಿದ್ದರು.

ಮುಳುಗಿದವರನ್ನು ಮೊದಲು ಹಿಡಿಯುವುದು ತಣ್ಣೀರು. ಚಳಿಗಾಲದ ಥೇಮ್ಸ್‌ಗೆ ಬಿದ್ದ ಕ್ಷಣ ಉಸಿರು ಹತೋಟಿ ತಪ್ಪುತ್ತದೆ, ಕೆಲವೇ ನಿಮಿಷಗಳಲ್ಲಿ ಕೈಕಾಲು ಮರಗಟ್ಟುತ್ತವೆ. ದಡ ಹತ್ತಿರ ಕಾಣುತ್ತದೆ, ಈಜೋಣ ಎನ್ನಿಸುತ್ತದೆ. 2000ದ ಡಿಸೆಂಬರ್‌ನಲ್ಲಿ ಸ್ಪೇನ್‌ನ ಎಬ್ರೋ ನದಿಯಲ್ಲಿ ಆಕ್ಸ್‌ಫರ್ಡ್‌ನ ತಂಡವೊಂದರ ದೋಣಿ ಅಲೆಗೆ ತುಂಬಿಕೊಂಡು ಒಬ್ಬ ವಿದ್ಯಾರ್ಥಿ ಪ್ರಾಣ ಕಳೆದುಕೊಂಡ. ನೀರು ತುಂಬಿದರೂ ಜನರನ್ನು ಹೊತ್ತು ತೇಲುವಂತೆ ದೋಣಿಯ ಸೀಟುಗಳ ಕೆಳಗೆ ಗಾಳಿಗೂಡುಗಳಿರಬೇಕೆಂದು ಆತನ ತಂದೆತಾಯಿ ವರ್ಷಗಟ್ಟಲೆ ಹೋರಾಡಿದರು. ದಡ ಎಷ್ಟೇ ಹತ್ತಿರ ಕಂಡರೂ ತೇಲುವ ದೋಣಿಯನ್ನು ಬಿಟ್ಟು ಈಜಬಾರದು. ಅದಕ್ಕೇ ಆತುಕೊಂಡು ಮೈಯನ್ನು ಆದಷ್ಟು ನೀರಿನಿಂದ ಮೇಲೆತ್ತಿ ಕಾಯಬೇಕು. ಪಾದಗಳನ್ನು ದೋಣಿಗೆ ಬಿಗಿದಿರುವ ಶೂ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುತ್ತದೆಯೇ ಎಂಬುದನ್ನು ಹೊರಡುವ ಮುನ್ನ ಪ್ರತಿಸಲವೂ ಕೈಯಾರೆ ನೋಡಿರಬೇಕು.

ಮಾರ್ಷನೆಸ್ ದುರಂತದ ತನಿಖೆಗಳ ನಂತರ, 2002ರ ಜನವರಿಯಲ್ಲಿ ಈ ನದಿಗೆ ನಾಲ್ಕು ಲೈಫ್‌ಬೋಟ್ ಠಾಣೆಗಳು ಬಂದವು: ಟೆಡಿಂಗ್ಟನ್, ಚಿಸಿಕ್, ಟವರ್, ಗ್ರೇವ್ಸೆಂಡ್. ಸೇತುವೆ ಮೇಲೆ ನಡೆದು ಹೋಗುವಾಗ ಮಗುಚಿದ ದೋಣಿ ಕಂಡರೆ ನೀರಿಗೆ ಹಾರಬೇಡಿ. 999ಕ್ಕೆ ಕರೆ ಮಾಡಿ ಕೋಸ್ಟ್‌ಗಾರ್ಡ್ ಬೇಕೆಂದು ಕೇಳಿ. ಯಾವ ಸೇತುವೆಯ ಬಳಿ, ಎಷ್ಟು ಜನ, ನೀರು ಯಾವ ಕಡೆಗೆ ಹರಿಯುತ್ತಿದೆ, ಈ ಮೂರನ್ನು ಹೇಳಿ, ಅವರ ಮೇಲಿಂದ ಕಣ್ಣು ತೆಗೆಯದೆ ಅಲ್ಲೇ ನಿಂತಿರಿ.