ಪೌರನೀತಿ ಪಾಠಕ್ಕೆ ಶಿಕ್ಷಕರ ತಯಾರಿ

ಕರ್ನಾಟಕದ ಪ್ರೌಢಶಾಲೆಗಳಲ್ಲಿ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಲ್ಲವೂ ಸಮಾಜ ವಿಜ್ಞಾನದ ಶಿಕ್ಷಕರ ಪಾಲಿಗೇ ಬರುತ್ತವೆ. ಆ ಹುದ್ದೆಗಾಗಿ ಬಿ.ಇಡಿ. ಸೇರುವವರಲ್ಲಿ ಪದವಿಯಲ್ಲಿ ರಾಜ್ಯಶಾಸ್ತ್ರ ಓದದವರೂ ಇರುತ್ತಾರೆ. ಅಂಥವರು ಸಂವಿಧಾನದ ಪಾಠಕ್ಕೆ ನಿಂತಾಗ ಸುಲಭವಾಗಿ ಕೈಗೆ ಸಿಗುವುದು ವಿಧಿಗಳ ಸಂಖ್ಯೆ, ತಿದ್ದುಪಡಿಯ ವರ್ಷ, ರಾಷ್ಟ್ರಪತಿಯ ಅಧಿಕಾರಗಳ ಪಟ್ಟಿ. ಪರೀಕ್ಷೆಗೆ ಇಷ್ಟು ಸಾಕಾಗಬಹುದು. ಮಕ್ಕಳನ್ನು ಪೌರರಾಗಿಸಲು ಸಾಲದು.

ಪಟ್ಟಿ ಒಪ್ಪಿಸುವ ಈ ರೂಢಿ ಹಳೆಯದು. ಭಾರತೀಯರಲ್ಲಿ ಬ್ರಿಟಿಷ್ ಆಳ್ವಿಕೆಯ ಮೇಲಿನ ನಿಷ್ಠೆ ಕುಗ್ಗುತ್ತಿದ್ದ ಹೊತ್ತಿನಲ್ಲಿ ಪೌರನೀತಿ ಶಾಲೆಗೆ ಬಂತೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ನೆನಪಿಸಿತು. ಅದರ ಬೆನ್ನಿಗೆ ಎನ್‌ಸಿಇಆರ್‌ಟಿ ಹೊರತಂದ ಪುಸ್ತಕಗಳಲ್ಲಿ ಕಥೆ, ವ್ಯಂಗ್ಯಚಿತ್ರ, ಪತ್ರಿಕಾ ವರದಿಗಳು ಪಾಠದೊಳಗೇ ಬಂದವು. ಶಿಕ್ಷಕರ ತರಬೇತಿ ಅಷ್ಟು ಬೇಗ ಬದಲಾಗಲಿಲ್ಲ. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿ ಬಿ.ಇಡಿ.ಯನ್ನು ಎರಡು ವರ್ಷಕ್ಕೆ ಹಿಗ್ಗಿಸಿ, ಕನಿಷ್ಠ 20 ವಾರ ಶಾಲೆಯಲ್ಲೇ ಕಳೆಯಬೇಕೆಂದು ಹೇಳಿತು. ಪೌರತ್ವ ಶಿಕ್ಷಣದ ಮಟ್ಟಿಗೆ ಈ ವಾರಗಳೇ ಮುಖ್ಯ.

ಕಾಲೇಜಿನೊಳಗಿನ ಸೂಕ್ಷ್ಮ ಬೋಧನೆಯಲ್ಲಿ ಪ್ರಶಿಕ್ಷಣಾರ್ಥಿಗಳು ಪೀಠಿಕೆ ಹಾಕುವುದು, ಪ್ರಶ್ನೆ ಕೇಳುವುದು, ಕಪ್ಪುಹಲಗೆ ಬಳಸುವುದು ಹೀಗೆ ಒಂದೊಂದೇ ಕೌಶಲವನ್ನು ಸಹಪಾಠಿಗಳ ಮುಂದೆ ರೂಢಿಸಿಕೊಳ್ಳುತ್ತಾರೆ. ಮಕ್ಕಳ ಜಾಗದಲ್ಲಿ ಕೂತ ಸಹಪಾಠಿಗಳು ಪಾಠಯೋಜನೆಗೆ ಒಪ್ಪುವ ಉತ್ತರವನ್ನೇ ಕೊಡುತ್ತಾರೆ. ನಾಳೆ ಅವರ ಸರದಿ ಇದೆಯಲ್ಲ! ನಿಜವಾದ ತರಗತಿಯಲ್ಲಿ ಹಾಗಾಗುವುದಿಲ್ಲ. ಗ್ರಾಮಸಭೆಯ ಪಾಠ ನಡೆಯುವಾಗ ಎಂಟನೇ ತರಗತಿಯ ಹುಡುಗಿಯೊಬ್ಬಳು, “ನಮ್ಮೂರಲ್ಲಿ ಸಭೆಗೆ ಯಾರೂ ಹೋಗಲ್ಲ ಸರ್, ಆದ್ರೂ ಫಲಾನುಭವಿಗಳ ಪಟ್ಟಿ ಹೇಗೆ ತಯಾರಾಗುತ್ತೆ?” ಎಂದು ಕೇಳಬಹುದು. ಪಾಠಯೋಜನೆಯ ಯಾವ ಅಂಕಣದಲ್ಲೂ ಇದಕ್ಕೆ ಉತ್ತರವಿಲ್ಲ. “ಅದೆಲ್ಲ ಪುಸ್ತಕದಲ್ಲಿಲ್ಲ, ಕೂತ್ಕೊ” ಅಂದರೆ ಪೌರನೀತಿಯ ಪಾಠ ಅಲ್ಲಿಗೇ ಮುಗಿಯಿತು. ಒಳ್ಳೆಯ ತರಬೇತಿ ಆ ಪ್ರಶ್ನೆಯನ್ನೇ ಪಾಠವಾಗಿಸುವುದನ್ನು ಕಲಿಸುತ್ತದೆ: ಕೋರಂ ಎಂದರೇನು, ನಡಾವಳಿ ಬರೆಯುವವರು ಯಾರು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಯಾವುದಕ್ಕೆ ಹೊಣೆ, ದಾಖಲೆ ಬೇಕಾದವರು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕುವುದು ಹೇಗೆ. ಇದಕ್ಕೆ ಮೊದಲು ಪ್ರಶಿಕ್ಷಣಾರ್ಥಿಯೇ ಒಮ್ಮೆ ಪಂಚಾಯಿತಿ ಕಚೇರಿಯ ಮೆಟ್ಟಿಲು ಹತ್ತಿರಬೇಕು.

ಶಾಲಾ ಸಂಸತ್ತು ಇಂಥ ಇನ್ನೊಂದು ಅವಕಾಶ. ನಾಮಪತ್ರ, ಪ್ರಚಾರ, ಮತದಾನ, ಪ್ರಮಾಣವಚನ ಎಲ್ಲವೂ ಸಡಗರದಿಂದ ನಡೆಯುತ್ತವೆ. ಆಮೇಲೆ ಆರೋಗ್ಯ ಮಂತ್ರಿ, ಕ್ರೀಡಾ ಮಂತ್ರಿಗಳಿಗೆ ಕೆಲಸವೇ ಇರುವುದಿಲ್ಲ. ತಿಂಗಳಿಗೊಮ್ಮೆ ಸಭೆ ಕರೆದು, ಶೌಚಾಲಯದ ನೀರನ್ನೋ ಬಿಸಿಯೂಟದ ಸರದಿಯನ್ನೋ ಕಾರ್ಯಸೂಚಿಗೆ ತಂದು, ನಿರ್ಣಯವನ್ನು ಎಸ್‌ಡಿಎಂಸಿಗೆ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ತಲುಪಿಸುವ ಕ್ರಮವನ್ನು ಭಾವಿ ಶಿಕ್ಷಕರು ಇಂಟರ್ನ್‌ಶಿಪ್‌ನಲ್ಲೇ ಕಲಿಯಬಹುದು. ಮಕ್ಕಳ ಗ್ರಾಮಸಭೆಯ ಸಿದ್ಧತೆಯೂ ಹೀಗೆಯೇ. ಶಿಕ್ಷಕರು ಬರೆದುಕೊಟ್ಟ ಚೀಟಿ ಓದುವ ಮಗು ಅಲ್ಲಿ ಏನನ್ನೂ ಕಲಿಯುವುದಿಲ್ಲ.

ಮೀಸಲಾತಿ, ಭಾಷೆ, ಧರ್ಮ, ನದಿನೀರಿನ ಹಂಚಿಕೆ ಬಂದಾಗ ಹೊಸ ಶಿಕ್ಷಕರು ಹಿಂಜರಿಯುತ್ತಾರೆ. ಪೋಷಕರು ತಕರಾರು ತೆಗೆದರೆ ಎಂಬ ಅಳುಕು ಸಹಜವೇ. ಜರ್ಮನಿಯಲ್ಲಿ ಇದೇ ತೊಡಕಿನ ಚರ್ಚೆಯಿಂದ 1976ರಲ್ಲಿ ಬಾಯ್ಟೆಲ್ಸ್‌ಬಾಖ್ ಒಮ್ಮತ ಎಂಬ ಮೂರು ಸೂತ್ರಗಳು ಹುಟ್ಟಿದವು. ಶಿಕ್ಷಕರು ತಮ್ಮ ಅಭಿಪ್ರಾಯವನ್ನು ಮಕ್ಕಳ ಮೇಲೆ ಹೇರಬಾರದು. ಸಮಾಜದಲ್ಲಿ ವಿವಾದವಾಗಿರುವುದನ್ನು ತರಗತಿಯಲ್ಲೂ ವಿವಾದವಾಗಿಯೇ ಮುಂದಿಡಬೇಕು. ತನ್ನ ಹಿತವೇನೆಂದು ತಾನೇ ಅಳೆದು ನೋಡುವ ಶಕ್ತಿ ವಿದ್ಯಾರ್ಥಿಗೆ ಬರಬೇಕು. ಎರಡನೆಯ ಸೂತ್ರವೇ ಇಲ್ಲಿನ ತರಬೇತಿಗೆ ಹೆಚ್ಚು ಬೇಕಾದದ್ದು. ಕಾವೇರಿಯ ಪಾಠಕ್ಕೆ ಮಂಡ್ಯದ ರೈತನ ವಾದದ ಜೊತೆ ತಂಜಾವೂರಿನ ರೈತನ ವಾದವನ್ನೂ ಅಷ್ಟೇ ಬಲವಾಗಿ ಸಿದ್ಧಪಡಿಸುವುದು ಪ್ರಶಿಕ್ಷಣಾರ್ಥಿಗಳಿಗೆ ಒಳ್ಳೆಯ ಕಸರತ್ತು.

ಚುನಾವಣೆಯ ಪಾಠಕ್ಕೆ ಮಾತ್ರ ಪರಿಣತರು ಶಾಲೆಯಲ್ಲೇ ಸಿಗುತ್ತಾರೆ. ಮತಗಟ್ಟೆ ಕೆಲಸಕ್ಕೆ ಹೋಗಿಬಂದ ಹಿರಿಯ ಶಿಕ್ಷಕರಿಗೆ ಅಣಕು ಮತದಾನ, ಏಜೆಂಟರ ಸಹಿ, ಯಂತ್ರಕ್ಕೆ ಮುದ್ರೆ ಹಾಕುವ ಕ್ರಮ ಎಲ್ಲವೂ ಗೊತ್ತು. ಇಂಥ ಅನುಭವ ಸ್ಟಾಫ್ ರೂಮಿನ ಹರಟೆಯಲ್ಲಿ ಕಳೆದುಹೋಗುವುದೇ ಹೆಚ್ಚು; ಇಂಟರ್ನ್‌ಶಿಪ್‌ಗೆ ಬಂದವರು ಅದನ್ನು ಕೇಳಿ ಬರೆದುಕೊಂಡರೆ ಪಾಠಕ್ಕೆ ಬೇಕಾದ ಸಾಮಗ್ರಿ ಸಿಕ್ಕಂತೆಯೇ.

ಉಳಿದದ್ದು ಮೌಲ್ಯಮಾಪನ. ಎಸ್ಸೆಸ್ಸೆಲ್ಸಿಯ ಸಮಾಜ ವಿಜ್ಞಾನದಲ್ಲಿ 80 ಅಂಕ ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಆ 20 ಅಂಕದೊಳಗೆ ಮಾತುಗಾರಿಕೆಗೆ ಅಂಕ ಕೊಟ್ಟರೆ ಬಾಯಿ ಜೋರಿರುವವರೇ ಗೆಲ್ಲುತ್ತಾರೆ. ಪಂಚಾಯಿತಿಗೆ ಬರೆದ ಮನವಿ, ಒಂದೇ ಸುದ್ದಿಯ ಎರಡು ಪತ್ರಿಕೆಗಳ ವರದಿಯ ಹೋಲಿಕೆ, ಶಾಲಾ ಸಂಸತ್ತಿನ ನಡಾವಳಿ ಇವನ್ನು ಅಳೆಯುವುದು ಹೆಚ್ಚು ನ್ಯಾಯ. ಮಗು ಯಾವ ನಿಲುವಿಗೆ ಬಂದಿತು ಎಂಬುದಕ್ಕೆ ಅಂಕವಿಲ್ಲ. ಆ ನಿಲುವಿಗೆ ಕೊಟ್ಟ ಕಾರಣಗಳಿಗೆ, ಎದುರು ವಾದವನ್ನು ತಿರುಚದೆ ಹೇಳಿದ್ದಕ್ಕೆ ಅಂಕ. ಹೀಗೆ ಅಂಕ ಹಾಕುವ ಅಭ್ಯಾಸವನ್ನು ಪ್ರಶಿಕ್ಷಣಾರ್ಥಿಗಳು ಮೊದಲು ಒಬ್ಬರ ಬರಹವನ್ನೊಬ್ಬರು ತಿದ್ದಿ ಮಾಡಿಕೊಳ್ಳಬಹುದು.