ರಿಪೋರ್ಟ್ ನಾರ್ಮಲ್, ರಕ್ತನಾಳ?

ಆಲಂಕಾರು ಕಡೆಯ ತೋಟದ ಮನೆಗಳಲ್ಲಿ ಹೃದಯದ ಮಾತು ಬಂದರೆ ಮೊದಲ ಪ್ರಶ್ನೆ ಒಂದೇ: “ಕೊಲೆಸ್ಟ್ರಾಲ್ ಎಷ್ಟುಂಟು?” 200ರೊಳಗಿದ್ದರೆ ನೆಮ್ಮದಿ, ದಾಟಿದರೆ ಬ್ಲಾಕ್ ಆಗಿಯೇ ಬಿಟ್ಟಿತೆಂಬ ಭಯ. ಆ ನೆಮ್ಮದಿಗೂ ಆಧಾರವಿಲ್ಲ, ಈ ಭಯಕ್ಕೂ ಇಲ್ಲ.

ರಕ್ತ ಪರೀಕ್ಷೆ ತೋರಿಸುವುದು ಈ ಹೊತ್ತು ರಕ್ತದಲ್ಲಿ ಹರಿಯುತ್ತಿರುವ ಕೊಬ್ಬನ್ನು. ಹೃದಯದ ನಾಳದ ಗೋಡೆಯೊಳಗೆ ಕೂತಿರುವುದು ಹತ್ತಿಪ್ಪತ್ತು ವರ್ಷಗಳ ಬಾಕಿ. ಕೊಲೆಸ್ಟ್ರಾಲ್ ಹೊರುವ ಎಲ್‌ಡಿಎಲ್ ಕಣಗಳು ಒಳಪದರಕ್ಕೆ ನುಸುಳಿ ಅಲ್ಲೇ ಉಳಿಯುತ್ತವೆ; ಸಕ್ಕರೆ ಕಾಯಿಲೆ, ಬಿಪಿ, ಬೀಡಿ, ಎಲೆಅಡಿಕೆಯ ಜೊತೆ ಸೇರುವ ಹೊಗೆಸೊಪ್ಪು ಆ ಕೆಲಸವನ್ನು ಚುರುಕಾಗಿಸುತ್ತವೆ. ಹಾಗಾಗಿ ಒಂದೇ ಎಲ್‌ಡಿಎಲ್ ಇರುವ ಇಬ್ಬರಲ್ಲಿ ಒಬ್ಬರ ಆಂಜಿಯೋಗ್ರಾಮ್‌ನಲ್ಲಿ ಮೂರೂ ನಾಳ ಕಟ್ಟಿರಬಹುದು, ಇನ್ನೊಬ್ಬರದು ಸ್ವಚ್ಛವಾಗಿರಬಹುದು. ಕಾಯಿಲೆಯ ತೀವ್ರತೆಯನ್ನು ಲಿಪಿಡ್ ರಿಪೋರ್ಟಿನಿಂದ ಅಳೆಯಲಾಗದು.

ಹೃದಯನಾಳದ ಕಾಯಿಲೆಯಿಂದ ಅಮೆರಿಕದ ಆಸ್ಪತ್ರೆಗಳಿಗೆ ದಾಖಲಾದ 1.3 ಲಕ್ಷಕ್ಕೂ ಹೆಚ್ಚು ಜನರ ಲೆಕ್ಕ 2009ರಲ್ಲಿ ಪ್ರಕಟವಾಯಿತು. ಸುಮಾರು ಅರ್ಧದಷ್ಟು ಮಂದಿಯ ಎಲ್‌ಡಿಎಲ್ 100ಕ್ಕಿಂತ ಕೆಳಗಿತ್ತು. “ಹಾಗಾದರೆ ಕೊಲೆಸ್ಟ್ರಾಲ್ ಬರೀ ಸುಳ್ಳು” ಎಂದು ಕೆಲವರು ಇದನ್ನೇ ಹಿಡಿದು ವಾದಿಸುತ್ತಾರೆ. ಅದು ಅಪಾಯದ ವಾದ. ದಾಖಲಾದವರಲ್ಲಿ ಕೆಲವರು ಆಗಲೇ ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ ನುಂಗುತ್ತಿದ್ದರು. ಉಳಿದವರಿಗೆ ನಾವು ‘ನಾರ್ಮಲ್’ ಎನ್ನುವ ಮಟ್ಟವೇ ಹೆಚ್ಚಾಗಿತ್ತು. ಇನ್ನೊಂದು ವಿಷಯ ಹಲವರಿಗೆ ಗೊತ್ತಿಲ್ಲ: ಹೃದಯಾಘಾತವಾದ ಒಂದೆರಡು ದಿನಗಳಲ್ಲಿ ಎಲ್‌ಡಿಎಲ್ ತಾನಾಗಿ ಇಳಿಯುತ್ತದೆ, ಕೆಲವು ವಾರ ಹಾಗೇ ಇರುತ್ತದೆ. ಆಗಿನ ರಿಪೋರ್ಟ್ ನೋಡಿ ಸಮಾಧಾನಪಡುವಂತಿಲ್ಲ.

ನಮ್ಮವರಲ್ಲಿ ಒಟ್ಟು ಕೊಲೆಸ್ಟ್ರಾಲ್ ಸಾಧಾರಣವಾಗಿದ್ದು, ಟ್ರೈಗ್ಲಿಸರೈಡ್ ಎಂಬ ಕೊಬ್ಬು ಏರಿ, ‘ಒಳ್ಳೆಯ’ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ ಇಳಿದಿರುವುದು ಬಹಳ ಸಾಮಾನ್ಯ. ಒಟ್ಟು ಸಂಖ್ಯೆಯಿಂದ ಎಚ್‌ಡಿಎಲ್ ಕಳೆದರೆ ಉಳಿಯುವುದೇ ಹೆಚ್ಚು ನಂಬಬಹುದಾದ ಲೆಕ್ಕ. ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತ ಆದವರಿದ್ದರೆ, ಲಿಪೋಪ್ರೋಟೀನ್ ‘ಎ’ ಎಂಬ ಆನುವಂಶಿಕ ಕಣವನ್ನು ಜೀವನದಲ್ಲಿ ಒಮ್ಮೆಯಾದರೂ ಅಳೆಸಬೇಕು. ಸಣಕಲು ದೇಹ, ದಿನವಿಡೀ ತೋಟದ ದುಡಿಮೆ ಅದನ್ನು ಇಳಿಸುವುದಿಲ್ಲ.

ತೆಂಗಿನೆಣ್ಣೆಯಲ್ಲಿ ಕೊಲೆಸ್ಟ್ರಾಲ್ ಇಲ್ಲ ಎನ್ನುವುದು ನಿಜ, ಯಾವ ಸಸ್ಯದ ಎಣ್ಣೆಯಲ್ಲೂ ಇಲ್ಲ. ಆದರೆ ಅದರ ಸುಮಾರು 90 ಶೇಕಡಾ ಪರ್ಯಾಪ್ತ ಕೊಬ್ಬು. ಅದನ್ನು ತಿಂದಾಗ ಯಕೃತ್ತು ರಕ್ತದಿಂದ ಎಲ್‌ಡಿಎಲ್ ಹೆಕ್ಕುವುದು ಕಡಿಮೆಯಾಗುತ್ತದೆ. ಒಗ್ಗರಣೆಗೆ ಒಂದು ಚಮಚ ಸಾಕು, ಕರಿಯಲು ಬೇಡ. ಪುನರ್ಪುಳಿ ಶರಬತ್ತು ಬೇಸಿಗೆಗೆ ಹಿತ. ನಾಳದಲ್ಲಿ ಕೂತ ಕೊಬ್ಬನ್ನು ಅದು ಕರಗಿಸುತ್ತದೆ ಎನ್ನಲು ಆಧಾರವಿಲ್ಲ, ಅದಕ್ಕೆ ಸುರಿಯುವ ಸಕ್ಕರೆ ಟ್ರೈಗ್ಲಿಸರೈಡ್ ಏರಿಸುತ್ತದೆ.

“30 ಶೇಕಡಾ ಬ್ಲಾಕ್ ಮಾತ್ರ, ಹೆದರಬೇಡಿ” ಎಂಬ ಮಾತೂ ಕೇಳುತ್ತೇವೆ. ಎಷ್ಟೋ ಹೃದಯಾಘಾತಗಳು ಅಷ್ಟೇನೂ ಕಿರಿದಾಗದ ಜಾಗದಲ್ಲೇ ಆಗುತ್ತವೆ: ಮೆದು ಕೊಬ್ಬಿನ ಮೇಲಿನ ತೆಳು ಪೊರೆ ಒಡೆದು, ಅಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಹೋಗುತ್ತದೆ. ಸ್ಟಾಟಿನ್ ಮಾತ್ರೆ ಎಲ್‌ಡಿಎಲ್ ಇಳಿಸುವುದಲ್ಲದೆ ಆ ಪೊರೆಯನ್ನೂ ಗಟ್ಟಿಮಾಡುತ್ತದೆ.

ಅದಕ್ಕೇ “ರಿಪೋರ್ಟ್ ಸರಿಯಾಯಿತು, ಮಾತ್ರೆ ಬಿಟ್ಟೆ” ಎಂಬ ಮಾತು ಕೇಳಿದಾಗ ಸಂಕಟವಾಗುತ್ತದೆ. ಸರಿಯಾದದ್ದು ಮಾತ್ರೆಯಿಂದ, ಬಿಟ್ಟ ಕೆಲವೇ ವಾರಗಳಲ್ಲಿ ಎಲ್‌ಡಿಎಲ್ ಹಳೆಯ ಮಟ್ಟಕ್ಕೇ ಏರುತ್ತದೆ. ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಹೃದಯಾಘಾತ ಆದವರ ಎಲ್‌ಡಿಎಲ್ 55ಕ್ಕಿಂತ ಕೆಳಗಿರಬೇಕು. ಲ್ಯಾಬಿನ ಕಾಗದದಲ್ಲಿ ‘ನಾರ್ಮಲ್’ ಎಂದು ಅಚ್ಚಾಗಿರುವ ಸಂಖ್ಯೆ ಅವರಿಗಾಗಿ ಬರೆದದ್ದಲ್ಲ.