ವಿಕ್ಟೋರಿಯಾ ಸರೋವರದ ಗಾಜುಕವಚದ ಪಾಚಿ

ನೀರಿನ ಮೇಲೆ ಹರಡುವ ಹಸುರು ಪಾಚಿಯನ್ನು ಎಲ್ಲರೂ ಬಲ್ಲರು. ಸೂಕ್ಷ್ಮದರ್ಶಕ ಯಂತ್ರದ ಸಹಾಯವಿಲ್ಲದೆ ಕಾಣದ ಪಾಚಿಗಳೂ ನೀರಿನಲ್ಲಿ ತೇಲುತ್ತಿರುತ್ತವೆ. ಅವುಗಳಲ್ಲಿ ಡಯಾಟಂ ಎಂಬ ವರ್ಗದವು ಗಾಜಿನಂತಹ ಸಿಲಿಕದ ಕವಚವನ್ನು ಧರಿಸುತ್ತವೆ. ಕಲ್ಲುಮಣ್ಣುಗಳು ಸವೆದಂತೆ ಈ ಸಿಲಿಕವು ನೀರಿನಲ್ಲಿ ಕರಗಿ ಬರುತ್ತದೆ.

ಪೂರ್ವ ಆಫ್ರಿಕದ ದೊಡ್ಡ ಸರೋವರಗಳಲ್ಲಿ ಔಲಕೊಸೈರ ನ್ಯಾಸೆನ್ಸಿಸ್ ಎಂಬ ಡಯಾಟಂ ಉಂಟು. ಇದರ ಕೊಳವೆಯಾಕಾರದ ಜೀವಕಣಗಳು ತುದಿಗೆ ತುದಿ ಕೂಡಿ ಸರಪಣಿಯಂತಿರುತ್ತವೆ. ಕವಚವು ಭಾರವಾದುದರಿಂದ, ನೀರು ಅಲುಗಾಡದಿದ್ದರೆ ಇದು ತಳಕ್ಕೆ ಇಳಿಯುವುದು. ಗಾಳಿಯಿಂದ ನೀರು ಕದಡಿದಾಗ ಮೇಲೇರಿ, ಬೆಳಕನ್ನು ಪಡೆದು ವೃದ್ಧಿಯಾಗುವುದು.

ಉಗಾಂಡ, ಕೆನ್ಯ, ಟಾಂಜಾನಿಯ ದೇಶಗಳ ನಡುವೆ ಇರುವ ವಿಕ್ಟೋರಿಯಾ ಸರೋವರದ ವಿಸ್ತಾರ ಸುಮಾರು 68,800 ಚದರ ಕಿಲೋಮೀಟರು. 1927-28ರಲ್ಲಿ ಮೈಕೇಲ್ ಗ್ರಹಾಂ ಎಂಬುವರು ಅಲ್ಲಿಯ ಮೀನುಗಾರಿಕೆಯನ್ನು ಪರಿಶೀಲಿಸಿದರು. ಆಗ ಅಲ್ಲಿನ ಜನರಿಗೆ ಅಚ್ಚುಮೆಚ್ಚಾಗಿದ್ದ ಙೆಗೆ ಎಂಬ ಮೀನಿಗೆ ಇಂತಹ ಡಯಾಟಂಗಳೇ ಮುಖ್ಯ ಆಹಾರವಾಗಿದ್ದವು.

ತರುವಾಯ ಸುತ್ತಲಿನ ಕಾಡು ಕಡಿದು ಸಾಗುವಳಿ ಹೆಚ್ಚಿತು. ಮಳೆಯೊಡನೆ ಮೇಲ್ಮಣ್ಣೂ ಅದರಲ್ಲಿದ್ದ ರಂಜಕವೂ ಸರೋವರವನ್ನು ಸೇರಿದವು. ಊರುಗಳ ಕೊಳಚೆಯೂ ಕೂಡಿತು. ರಂಜಕವು ಗೊಬ್ಬರವಾಗಿ ಡಯಾಟಂಗಳು ಮೊದಲು ವಿಪರೀತವಾಗಿ ಬೆಳೆದು, ಸತ್ತು, ತಮ್ಮ ಕವಚಗಳೊಡನೆ ಕೆಸರಿನಲ್ಲಿ ಹೂತುಹೋದವು. 1960-61ರಲ್ಲಿ ನೀರಿನಲ್ಲಿದ್ದ ಸಿಲಿಕವು 1990ರ ಸುಮಾರಿಗೆ ಹತ್ತರಲ್ಲೊಂದು ಪಾಲಿಗೆ ಇಳಿದಿತ್ತು. ದಪ್ಪ ಕವಚದ ಔಲಕೊಸೈರವು ಕ್ಷೀಣಿಸಿತು. ತೆಳುಕವಚದ ನಿಟ್ಜ್‌ಷಿಯ ಎಂಬ ಡಯಾಟಂಗಳೂ ನೀಲಿಹಸುರು ಪಾಚಿಗಳೂ ಅದರ ಸ್ಥಾನವನ್ನು ಆಕ್ರಮಿಸಿದವು. ಇವು ಸತ್ತು ಕೊಳೆಯುವಾಗ ಆಳದ ನೀರಿನ ಪ್ರಾಣವಾಯು ಮುಗಿದು, ಮೀನುಗಳಿಗೆ ಅಪಾಯವಾಗುವುದು. ಙೆಗೆ ಮೀನು ಸರೋವರದ ಮುಖ್ಯ ಭಾಗದಿಂದ ಹೆಚ್ಚುಕಡಿಮೆ ಮಾಯವಾಯಿತು. ಅತಿಯಾದ ಬಲೆಗಾರಿಕೆಯೂ ಹೊರಗಿನಿಂದ ತಂದುಬಿಟ್ಟ ನೈಲ್ ಪರ್ಚ್ ಮೀನೂ ಇದಕ್ಕೆ ಕಾರಣಗಳೇ ಸರಿ. ಆದರೆ ಅದರ ಮೇವೂ ಆ ಕಾಲದಲ್ಲಿಯೇ ಕುಗ್ಗಿತೆಂಬುದು ಗಮನಾರ್ಹ.

ಇದೇ ಕುಲದ ಔಲಕೊಸೈರ ಗ್ರ್ಯಾನ್ಯುಲೇಟ ಎಂಬ ಜಾತಿಯು ನಮ್ಮ ದೇಶದ ಕೆರೆ, ನದಿಗಳಲ್ಲಿಯೂ ಇರುತ್ತದೆ. ಅಷ್ಟು ದೊಡ್ಡ ಸರೋವರವೇ ಕೆಡುವುದಾದರೆ, ಗ್ರಾಮದ ಕೆರೆಯ ಪಾಡನ್ನು ಹೇಳತಕ್ಕದ್ದೇನು? ಆದುದರಿಂದ ಜಮೀನುದಾರರು ಈ ವಿಷಯದಲ್ಲಿ ರೈತರಿಗೆ ಮೇಲ್ಪಂಕ್ತಿಯಾಗಬೇಕು. ಇಳಿಜಾರು ಹೊಲಗಳಿಗೆ ಅಡ್ಡವಾಗಿ ಬದು ಹಾಕಿಸುವುದು, ಕೆರೆಗೆ ನೀರು ತರುವ ಹಳ್ಳಗಳ ದಡದಲ್ಲಿ ಹುಲ್ಲನ್ನು ಉಳಿಸುವುದು, ತಿಪ್ಪೆಯ ರಸವೂ ಊರಿನ ಬಚ್ಚಲ ನೀರೂ ಕೆರೆಗೆ ಹರಿಯದಂತೆ ತಡೆಯುವುದು ಇವು ಅವಶ್ಯಕ. ಹೊಲದಲ್ಲಿ ನಿಂತ ಗೊಬ್ಬರವು ಬೆಳೆಗೆ ಬಲ. ಕೆರೆಗೆ ಇಳಿದ ಗೊಬ್ಬರವು ಹೊಲಕ್ಕೂ ನಷ್ಟ, ಕೆರೆಗೂ ಕೇಡು.